ಮೊಳೆಗೆ ನೇತುಹಾಕಿದ ವೈರು

ವೈರು ಎಲ್ಲಿದೆ ಎಂದು ನನ್ನ ತಮ್ಮ ಫೋನಿನಲ್ಲಿ ಕೇಳಿದಾಗ ನಾನು ನಿಜ ಹೇಳಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದೇನೆ ಎಂದಿದ್ದರೆ ಮುಗಿಯುತ್ತಿತ್ತು. ಅದು ನನ್ನ ಕಣ್ಣೆದುರಿಗೇ ತೂಗುತ್ತಿತ್ತು. ಆದರೂ "ನೀ ಇಟ್ಟಲ್ಲೇ ಐತಿ" ಅಂದೆ. ಆ ಒಂದು ಮಾತಿನಿಂದ ಅವನ ಹಾವಿನ ಹೊಟ್ಟೆ ಸುಟ್ಟಿತು. ಸುಟ್ಟದ್ದು ತನ್ನಿಂದಲೇ ಎಂದು ಅವನು ತಿಂಗಳುಗಟ್ಟಲೆ ನಂಬಿದ. ನಂಬಲಿ ಎಂದು ನಾನು ಬಿಟ್ಟೆ.

ಇಷ್ಟು ಬರೆದ ಮೇಲೂ, ಹಾವು ನಮ್ಮ ಮನೆಗೆ ಬಂದ ದಿನವನ್ನು ನೆನೆದರೆ ನನಗೆ ಅಳುವಿಗಿಂತ ಮೊದಲು ಖುಷಿಯೇ ಬರುತ್ತದೆ. ಏನು ಮಾಡಲಿ, ಆ ದಿನ ಹಾಗಿತ್ತು.

ನಾನು ಬ್ಯಾಡಗಿಯವಳು. ಓದಿದ್ದು ಏಳನೆಯವರೆಗೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಗಂಡ ಲಾರಿ ಓಡಿಸುತ್ತಾನೆ. ಚಳಿಗಾಲದಲ್ಲಿ ಕಾಯಿ ಬರಲು ಶುರುವಾದರೆ ಅವನು ಮನೆಯಲ್ಲಿರುವುದಕ್ಕಿಂತ ಹೆದ್ದಾರಿಯಲ್ಲಿರುವುದೇ ಹೆಚ್ಚು. ತಮ್ಮ ರಾಣೆಬೆನ್ನೂರಿನಲ್ಲಿ ರೂಮು ಮಾಡಿಕೊಂಡು ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅವನದು ಮೊಳಕೆ ನೋಡುವ ಕೋಣೆ. ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಬೀರುವಿನಂಥ ಯಂತ್ರದಲ್ಲಿ ಇಡುತ್ತಾರೆ. ಆ ಯಂತ್ರದೊಳಗಿನ ಬಿಸಿ ಒಂದಿಷ್ಟೂ ಆಚೀಚೆ ಆಗಬಾರದು. ಅಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅವನಿಗೆ ಡಿಗ್ರಿಯ ಹುಚ್ಚು. ನಾನು ಚಹಾ ಕೊಟ್ಟರೆ ಬಟ್ಟಲಿನ ಮೇಲೆ ಕೈ ಹಿಡಿದು "ತಡಿ ಅಕ್ಕಾ, ಇನ್ನೂ ಎಪ್ಪತ್ತರ ಮ್ಯಾಲೈತಿ" ಅನ್ನುತ್ತಿದ್ದ.

ಹಾವು ಸಾಕಿದ್ದೇನೆ ಎಂದು ಅವನು ಹೇಳಿದಾಗ ನಾನು ತಮಾಷೆ ಅಂದುಕೊಂಡಿದ್ದೆ. ಆಮೇಲೆ ಫೋಟೋ ಕಳಿಸಿದ. ನಮ್ಮ ಹೊಲಗಳ ಹಾವನ್ನು ಹಿಡಿದು ಸಾಕುವಂತಿಲ್ಲ, ಅದು ಕಾನೂನಿಗೆ ವಿರುದ್ಧ. ಇದು ಆಫ್ರಿಕಾದ ಜಾತಿ, ಬಾಲ್ ಪೈಥಾನ್ ಅನ್ನುತ್ತಾರೆ. ವಿಷವಿಲ್ಲ. ಹೆದರಿದರೆ ಕಚ್ಚುವುದರ ಬದಲು ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ನಡುವೆ ಮುಚ್ಚಿಟ್ಟುಕೊಳ್ಳುತ್ತದೆ. ಸರ್ಕಾರದಲ್ಲಿ ನೋಂದಣಿ ಮಾಡಿಸಿಯೇ ಇಟ್ಟುಕೊಂಡಿದ್ದ.

ಆ ಡಿಸೆಂಬರಿನಲ್ಲಿ ಕಂಪನಿಯವರು ಅವನನ್ನು ತರಬೇತಿಗೆ ಹೈದರಾಬಾದಿಗೆ ಕಳಿಸಿದರು. ರೂಮಿನ ಗೆಳೆಯ ಹಾವಿನ ಜೊತೆ ಒಬ್ಬನೇ ಇರಲು ಒಪ್ಪಲಿಲ್ಲ. ತಮ್ಮ ನನಗೆ ಫೋನ್ ಮಾಡಿ, ಬಹಳ ಹೊತ್ತು ಹವಾ, ಮಳೆ, ಮೆಣಸಿನಕಾಯಿ ಧಾರಣೆ ಎಲ್ಲ ಮಾತಾಡಿ, ಕೊನೆಗೆ ಕೇಳಿದ. ನಾನು ಹೂಂ ಅಂದೆ. ಯಾಕೆ ಅಂದೆನೋ! ಅವನು ನನ್ನನ್ನು ಏನಾದರೂ ಕೇಳಿದ್ದೇ ಬಹಳ ವರ್ಷದ ಮೇಲೆ.

ಗೂಡ್ಸ್ ಆಟೋದಲ್ಲಿ ಬಂದ. ಹಿಂದೆ ಚಾದರ ಸುತ್ತಿದ ದೊಡ್ಡ ಗಾಜಿನ ಪೆಟ್ಟಿಗೆ, ಮುಂದೆ ಅವನ ತೊಡೆಯ ಮೇಲೆ ಗಂಟು ಹಾಕಿದ ದಿಂಬಿನ ಚೀಲ. ಪಕ್ಕದ ಮನೆಯ ಕಾಕು ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಅವಳೂ ನನ್ನ ಜೊತೆ ತೊಟ್ಟು ಬಿಡಿಸುವವಳೇ.

"ಏನೋ, ಅಕ್ಕಗ ಟೀವಿ ತಂದೀಯೇನು?"

"ಟೀವಿ ಅಲ್ಲ ಕಾಕು, ಹಾವು."

"ನಿನ್ನ ಬಾಯಾಗ ಮಣ್ಣ ಹಾಕ. ಖರೇ ಹೇಳು."

"ಖರೇನ ಹೇಳಾಕತ್ತೇನಿ. ಈ ಚೀಲದಾಗ ಐತಿ, ಹಿಡೀತೀಯೇನು?"

ಕಾಕು ಹಿಡಿಯಲಿಲ್ಲ. ಅವರೆಕಾಯಿಯ ಮೊರ ಒಂದು ಕಡೆ, ಅವಳು ಒಂದು ಕಡೆ ಆದರು. ಆದರೆ ಬಾಗಿಲು ಹಾಕಿಕೊಳ್ಳಲೂ ಇಲ್ಲ. ಕಿಟಕಿಯಿಂದ ಎಲ್ಲವನ್ನೂ ನೋಡಿದಳು.

ಒಳಗೆ ಬಂದು ತಮ್ಮ ಚೀಲದ ಗಂಟು ಬಿಚ್ಚಿದ. ಕಪ್ಪು ಮೈ, ಅದರ ಮೇಲೆ ಕಡಲೆಹಿಟ್ಟಿನ ಬಣ್ಣದ ಮಚ್ಚೆಗಳು. ನನ್ನ ಕೈಯಲ್ಲಿ ಇಟ್ಟ. ಅಯ್ಯೋ, ನಾನು ಅಂದುಕೊಂಡಿದ್ದು ಜಿಗಟು ಇರುತ್ತದೆಂದು. ಒಣಗಿತ್ತು! ಹೊಸ ಖಣದ ಬಟ್ಟೆಯ ಹಾಗೆ ನುಣುಪು. ನಿಧಾನಕ್ಕೆ ನನ್ನ ಮಣಿಕಟ್ಟನ್ನು ಸುತ್ತಿಕೊಂಡು, ಬಳೆಗಳ ನಡುವೆ ಮೂಗು ತೂರಿಸಿ ನಾಲಗೆ ಆಡಿಸಿತು. ನಾನು ಕೂಗಿದೆನೋ ನಕ್ಕೆನೋ ಈಗ ನೆನಪಿಲ್ಲ.

"ಹೆಸರೇನೋ ಇದರದು?"

"ಹೆಸರಿಟ್ರ ಕೇಳಾಕ ಅದಕ್ಕ ಹೊರಗ ಕಿವಿ ಇಲ್ಲ ಅಕ್ಕಾ. ಹೆಣ್ಣೈತಿ, ಅಷ್ಟ ಗೊತ್ತು."

ಹೆಣ್ಣು ಎಂದ ಮೇಲೆ ಆಯಿತಲ್ಲ, ನಾನು ಅಂದಿನಿಂದ "ಮಗಳ" ಎಂದೇ ಕರೆದೆ.

ಆಮೇಲೆ ಅವನು ನನಗೆ ಪಾಠ ಹೇಳಿದ. ಯಾರೂ ನನಗೆ ಹಾಗೆ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಹಾವಿನ ಮೈಯಲ್ಲಿ ನಮ್ಮ ಹಾಗೆ ತನ್ನದೇ ಬಿಸಿ ಇರುವುದಿಲ್ಲ; ಹೊರಗಿನ ಬಿಸಿಯೇ ಅದರ ಬಿಸಿ. ಅದಕ್ಕೆ ಪೆಟ್ಟಿಗೆಯ ಒಂದು ತುದಿಯ ಅಡಿಯಲ್ಲಿ ಕರೆಂಟಿನ ಬಿಸಿ ಪ್ಯಾಡು ಅಂಟಿಸಿದ್ದ. ಆ ತುದಿಯಲ್ಲಿ ಮೂವತ್ತೊಂದು, ಮೂವತ್ತೆರಡು ಡಿಗ್ರಿ ಇರಬೇಕು. ಇನ್ನೊಂದು ತುದಿ ತಂಪು, ಇಪ್ಪತ್ತಾರರ ಆಸುಪಾಸು. ತಿಂದದ್ದು ಅರಗಬೇಕಾದರೆ ಬೆಚ್ಚಗಿನ ಕಡೆಗೆ ಬರುತ್ತದೆ, ಸಾಕಾದರೆ ತಂಪಿನ ಕಡೆಗೆ ಹೋಗುತ್ತದೆ.

"ಎರಡೂ ಕಡೆ ಒಂದ ಬಿಸಿ ಆತಂದ್ರ ಅದು ಎಲ್ಲಿ ಹೋಗಬೇಕು, ಹೇಳು?"

"ಎಲ್ಲೂ ಇಲ್ಲ."

"ಮೂವತ್ತೈದು ದಾಟಿದ್ರ?"

"ದಾಟಬಾರದು."

"ಇಪ್ಪತ್ನಾಕರ ಕೆಳಗ ಹೋದ್ರ?"

"ತಿಂದಿದ್ದು ಅರಗಂಗಿಲ್ಲ. ನೆಗಡಿನೂ ಆಗ್ತೈತಿ. ಬಿಸಿಲಾಗ ಇಡಬಾರದು. ಥಣ್ಣನ ನೀರ ಮೈಮ್ಯಾಲ ಹಾಕಬಾರದು."

"ನಮ್ಮ ಅಕ್ಕ ಪಾಸ್!" ಎಂದು ಚಪ್ಪಾಳೆ ಹೊಡೆದ. ಅವನು ಓದಿದವನು, ನಾನು ಅವನ ಪಾಟಿ ಚೀಲ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದವಳು. ಎದೆ ಇಷ್ಟಗಲ ಆಯಿತು.

ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಇತ್ತು, ಕೆಂಪು ಅಂಕಿ ತೋರಿಸುವಂಥದು. ಥರ್ಮೋಸ್ಟಾಟ್ ಅಂತೆ. ಅದರಿಂದ ಹೊರಟ ತೆಳ್ಳಗಿನ ವೈರು ಪೆಟ್ಟಿಗೆಯೊಳಗೆ ಹೋಗಿ, ಬೆಚ್ಚಗಿನ ತುದಿಯ ನೆಲಕ್ಕೆ ಟೇಪಿನಿಂದ ಅಂಟಿಕೊಂಡಿತ್ತು. ತುದಿಯಲ್ಲಿ ಅಲಸಂದಿ ಕಾಳಿನಷ್ಟು ಲೋಹ. "ಈ ವೈರ್ ಒಂದು ಮುಟ್ಟಬ್ಯಾಡ ಅಕ್ಕಾ, ಯಾಕಂದ್ರ..." ಅನ್ನುವಷ್ಟರಲ್ಲಿ ಹೊರಗೆ ಗೂಡ್ಸ್ ಆಟೋದವನು ಹಾರ್ನ್ ಹೊಡೆದ. ತಮ್ಮನಿಗೆ ರೈಲಿನ ಹೊತ್ತಾಗಿತ್ತು. "ಮುಟ್ಟಬ್ಯಾಡ, ಅಷ್ಟ ನೋಡು" ಎಂದು ಓಡಿದ.

ಆ ಮೊದಲ ದಿನಗಳ ಗಮ್ಮತ್ತೇ ಬೇರೆ. ನಸುಕಿನಲ್ಲಿ ಎದ್ದ ಕೂಡಲೇ ಡಬ್ಬಿ ನೋಡುತ್ತಿದ್ದೆ. ಮೂವತ್ತೆರಡು. ರೊಟ್ಟಿ ಬಡಿದು ಮತ್ತೆ ನೋಡುತ್ತಿದ್ದೆ. ಮೂವತ್ತೆರಡು. ಹೊರಗೆ ಇಬ್ಬನಿ ಬಿದ್ದು ಕಾಯಿ ರಾಶಿಗಳ ಮೇಲಿನ ತಾಡಪತ್ರಿ ತೊಯ್ದಿರುತ್ತಿತ್ತು, ನನ್ನ ಮಗಳು ಮಾತ್ರ ಮೂವತ್ತೆರಡರಲ್ಲಿ ಬೆಚ್ಚಗೆ ಮಲಗಿರುತ್ತಿದ್ದಳು! ಕೆಲಸದ ಜಾಗದಲ್ಲಿ ಹೆಂಗಸರಿಗೆ ದಿನಾ ವರದಿ ಒಪ್ಪಿಸುತ್ತಿದ್ದೆ. ಅವರೆಲ್ಲ ಸಾಲಾಗಿ ನೋಡಲು ಬಂದರು. ಒಬ್ಬಾಕೆ ಗಾಜಿಗೇ ಕುಂಕುಮ ಹಚ್ಚಿದಳು.

"ಹಾಲು ಹಾಕೀಯೇನ?" ಎಂದಳು ಕಾಕು. ಈಗ ಅವಳಿಗೂ ಧೈರ್ಯ ಬಂದಿತ್ತು.

"ಹಾವು ಹಾಲು ಕುಡಿಯಂಗಿಲ್ಲ ಕಾಕು. ತಮ್ಮ ತಿನ್ನಿಸೇ ಬಿಟ್ಟು ಹೋಗ್ಯಾನ, ಅವ ಬರೂತನಕ ಏನೂ ಬೇಕಾಗಿಲ್ಲ."

"ಚಲೋ ಆತು ಬಿಡು. ನನ್ನ ಸೊಸಿನೂ ಹಂಗ ಇದ್ರ ಎಷ್ಟ ಆರಾಮ."

ತಮ್ಮನಿಗೆ ದಿನಾ ವಿಡಿಯೋ ಕಳಿಸುತ್ತಿದ್ದೆ. "ಅಕ್ಕಾ, ನನಗಿಂತ ನೀನ ಚಂದ ನೋಡ್ಕೋತಿ" ಎಂದು ಬರೆದಿದ್ದ. ಅದನ್ನು ನಾನು ಕಾಕುವಿಗೆ ಓದಿ ಹೇಳಿದೆ. ಗಂಡನಿಗೂ ಫೋನಿನಲ್ಲಿ ಓದಿ ಹೇಳಿದೆ.

ವೈರು ತೆಗೆದದ್ದು ಸಂತೆಯ ದಿನ. ಕೆಲಸಕ್ಕೆ ರಜೆ ಇತ್ತು. ಹಾವು ಹೊಲಸು ಮಾಡಿ, ಅದು ವೈರಿಗೂ ಟೇಪಿಗೂ ಮೆತ್ತಿತ್ತು. ಟೇಪಿನ ಅಂಚು ಎದ್ದಿತ್ತು. ಮಗಳ ಮೈಗೆ ಅಂಟಿದರೆ ಚರ್ಮ ಕಿತ್ತೀತು ಎಂದು ಹೆದರಿದೆ. ಟೇಪು ಬಿಡಿಸಿ, ವೈರನ್ನು ತೊಳೆದು ಒರೆಸಿದೆ. ಆಮೇಲೆ ಎಲ್ಲಿ ಇಡುವುದು?

ಇಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ಹೇಳಬೇಕು. ನಮ್ಮೂರಲ್ಲಿ ಮೆಣಸಿನಕಾಯಿ ಚೀಲ ಇಡುವ ದೊಡ್ಡ ಕೋಲ್ಡ್ ಸ್ಟೋರೇಜುಗಳಿವೆ. ಒಳಗೆ ಎಷ್ಟು ಥಂಡಿ ಇದೆ ಎಂಬ ಅಂಕಿ ಹೊರಗೆ ಬಾಗಿಲ ಬಳಿ ಗೋಡೆಯ ಮೇಲೆ ಇರುತ್ತದೆ. ಮಾದರಿ ಕಾಯಿ ತರಲು ಹೋದಾಗೆಲ್ಲ ನಾನು ಅದನ್ನು ನೋಡಿದವಳು. ಹೊರಗಿನ ಡಬ್ಬಿ ತಾನಾಗಿಯೇ ಒಳಗಿನದನ್ನು ಹೇಳುತ್ತದೆ ಎಂದೇ ನಂಬಿದ್ದೆ. ಅದರ ವೈರು ಗೋಡೆ ತೂರಿ ಒಳಗೆ ಹೋಗಿರುತ್ತದೆ ಎಂಬುದು ನನಗೆ ಕಂಡಿರಲೇ ಇಲ್ಲ. ಹಾಗಾಗಿ ಪೆಟ್ಟಿಗೆಯೊಳಗಿನ ಈ ವೈರು ಹೆಚ್ಚುವರಿ ಅನ್ನಿಸಿತು. ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದೆ. ಪೆಟ್ಟಿಗೆ ಎಷ್ಟು ಸ್ವಚ್ಛ ಕಂಡಿತು! ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದೆ.

ಡಬ್ಬಿಯ ಅಂಕಿ ಇಳಿಯುತ್ತ ಹೋಯಿತು. ಇಪ್ಪತ್ತೆಂಟು, ಇಪ್ಪತ್ತೈದು, ಮರುದಿನ ನಸುಕಿಗೆ ಇಪ್ಪತ್ತೊಂದು. ಚಳಿ ಜೋರು ಇದೆ ಅಂದುಕೊಂಡೆ. ಗಾಜು ಮುಟ್ಟಿ ನೋಡಿದೆ. ತೊಟ್ಟು ಬಿಡಿಸುವವರ ಕೈ ಸುಗ್ಗಿಯಲ್ಲಿ ಯಾವಾಗಲೂ ಉರಿಯುತ್ತಲೇ ಇರುತ್ತದೆ, ಎಷ್ಟು ಸಾಬೂನು ಹಚ್ಚಿದರೂ ಎಷ್ಟು ಎಣ್ಣೆ ತಿಕ್ಕಿದರೂ ಖಾರ ಹೋಗುವುದಿಲ್ಲ. ಬಿಸಿ ಗಾಜಿನದೋ ನನ್ನ ಅಂಗೈಯದೋ ತಿಳಿಯಲಿಲ್ಲ. ಅಂಕಿಯನ್ನೇ ನಂಬಿದೆ.

ಅಷ್ಟರಲ್ಲಿ ಮಗಳು ಹೊಸ ಆಟ ಶುರು ಮಾಡಿದಳು. ತಂಪಿನ ಕಡೆ ಇಟ್ಟಿದ್ದ ನೀರಿನ ಬೋಗುಣಿಯಲ್ಲಿ ಇಡೀ ಮೈ ಸುತ್ತಿಟ್ಟುಕೊಂಡು ಕುಳಿತುಬಿಟ್ಟಳು! ಮೂಗು ಮಾತ್ರ ಮೇಲೆ. ನಾನು ಕುಣಿದಾಡಿದೆ. "ಕಾಕು, ಲಗೂ ಬಾ! ಸ್ನಾನ ಮಾಡಾಕತ್ತಾಳ!"

ಕಾಕು ಸೆರಗು ಕಟ್ಟಿಕೊಂಡು ಓಡಿ ಬಂದಳು. "ಧನುರ್ಮಾಸದಾಗ ನಸುಕಿನ್ಯಾಗ ತಣ್ಣೀರ ಸ್ನಾನ! ನೋಡಿ ಕಲಕೋ. ನೀ ಬಿಸಿನೀರಿದ್ರೂ ಮೂರ ಸಲ ಒದರಬೇಕು."

ನಕ್ಕು ನಕ್ಕು ಸಾಕಾಯಿತು. ವಿಡಿಯೋ ಮಾಡಿ ಕಳಿಸಿದೆ. ನಮ್ಮ ನಗುವೂ ಅದರಲ್ಲಿ ಕೇಳುತ್ತದೆ. ಈಗಲೂ ಅದು ಫೋನಿನಲ್ಲಿದೆ, ಅಳಿಸಿಲ್ಲ.

ತಮ್ಮ ತಕ್ಷಣ ಫೋನ್ ಮಾಡಿದ. ದನಿ ಬೇರೆಯೇ ಇತ್ತು.

"ಅಕ್ಕಾ, ಅದು ಯಾವಾಗಿಂದ ನೀರಾಗ ಕುಂತೈತಿ?"

"ನಸುಕಿನ್ಯಾಗಿಂದ. ಚಂದ ಕಾಣ್ತಾಳಲ್ಲ?"

"ಅದು ಆಟ ಅಲ್ಲ. ಬಿಸಿ ತಡಕೊಳ್ಳಾಕ ಆಗದಾಗ ಹಂಗ ನೀರಿಗೆ ಇಳೀತೈತಿ. ನಂಬರ್ ಎಷ್ಟೈತಿ ನೋಡು."

"ಇಪ್ಪತ್ತೊಂದು."

"ಇಪ್ಪತ್ತೊಂದಾ?" ಎಂದ. "ವೈರ್ ನಾ ಇಟ್ಟಲ್ಲೇ ಐತಿಲ್ಲೋ?"

ನಾನು ಮೊಳೆಯ ಕಡೆ ನೋಡಿದೆ. ಆ ಒಂದನ್ನು ಮಾತ್ರ ಮುಟ್ಟಬೇಡ ಎಂದಿದ್ದ. ಪಾಸ್ ಎಂದಿದ್ದ. ನನಗಿಂತ ಚಂದ ನೋಡಿಕೊಳ್ಳುತ್ತಿ ಎಂದಿದ್ದ. ಫೋನಿಟ್ಟ ಮೇಲೆ ಅಂಟಿಸಿದರಾಯಿತು, ಅದರಲ್ಲೇನಿದೆ ಎಂದುಕೊಂಡೆ.

"ನೀ ಇಟ್ಟಲ್ಲೇ ಐತಿ" ಅಂದೆ.

"ಹಂಗಾರ ಪ್ಯಾಡ್ ಕೆಟ್ಟಿರಬೇಕು. ಥಂಡ್ಯಾಗ ನೀರಿಗೆ ಯಾಕ ಇಳೀತು, ಅದಕ್ಕೇನೋ ಬ್ಯಾನಿ ಬಂದೈತಿ..." ತನ್ನಷ್ಟಕ್ಕೆ ಲೆಕ್ಕ ಹಾಕಿದ. "ಇಪ್ಪತ್ತೊಂದು ಭಾಳ ಕಮ್ಮಿ ಅಕ್ಕಾ. ಅದನ್ನ ನೀರಿನಿಂದ ತಗದು ಒರೆಸು. ಪೆಟಿಗಿಗೆ ಕೌದಿ ಹೊಚ್ಚು. ನಾಳೆ ಹೊಸ ಪ್ಯಾಡ್ ಕಳಸೂ ವ್ಯವಸ್ಥಾ ಮಾಡ್ತೀನಿ."

ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಕೌದಿ ಹೊಚ್ಚಿದೆ. ಇಬ್ಬನಿಗೆ ಕಾಯಿ ರಾಶಿ ಮುಚ್ಚಿದ ಹಾಗೆ ನಾಲ್ಕೂ ಕಡೆ ಅಂಚು ಒಳಗೆ ಸೇರಿಸಿ, ಎಲ್ಲೂ ಗಾಳಿ ಹೋಗದಂತೆ ಮುಚ್ಚಿದೆ. ವೈರು ಅಂಟಿಸುವುದು ಮರೆತುಹೋಯಿತು. ಮರೆತುಹೋಯಿತು ಎಂದು ಬರೆಯುತ್ತಿದ್ದೇನೆ. ಟೇಪು ಸಿಗಲಿಲ್ಲ, ಕೆಲಸಕ್ಕೆ ಹೊತ್ತಾಗಿತ್ತು, ಸಂಜೆ ನೋಡೋಣ ಅಂದುಕೊಂಡೆ. ಇದು ಖರೆ.

ತೊಟ್ಟು ಬಿಡಿಸುತ್ತ ಕುಳಿತರೂ ಮನಸ್ಸು ನಿಲ್ಲಲಿಲ್ಲ. ಬಿಸಿ ಹೆಚ್ಚಾದಾಗ ನೀರಿಗೆ ಇಳಿಯುತ್ತದೆ ಎಂದಿದ್ದನಲ್ಲ. ನಡುಮಧ್ಯಾಹ್ನ ಊಟದ ಬಿಡುವಿನಲ್ಲಿ ಓಡಿ ಬಂದೆ. ಕಾಕುವೂ ಹಿಂದೆ ಬಂದಳು.

ಕೌದಿ ತೆಗೆದ ಕೂಡಲೇ ಹಂಚಿನ ಮುಂದೆ ಕುಳಿತಂತೆ ಮುಖಕ್ಕೆ ಬಿಸಿ ಹೊಡೆಯಿತು. ಮಗಳು ಬಾಯಿ ತೆರೆದು, ಮುಚ್ಚಳದ ಜಾಳಿಗೆಗೆ ಮೂಗು ಒತ್ತಿ ನಿಂತಿದ್ದಳು. ಬೋಗುಣಿಯ ನೀರು ಕೂಡ ಬಿಸಿಯಾಗಿತ್ತು.

"ಗಡಿಗಿ ನೀರ ಸುರುವು! ಸುರುವು!" ಎಂದು ಕಾಕು ತಂಬಿಗೆ ತುಂಬಿ ತಂದಳು.

"ಬ್ಯಾಡ ಕಾಕು! ಥಣ್ಣನ ನೀರ ಹಾಕಬಾರದು!"

ಅದೊಂದು ಪಾಠ ತಲೆಯಲ್ಲಿ ಉಳಿದಿತ್ತು. ಪ್ಲಗ್ ಕಿತ್ತೆ. ಎರಡೂ ಕೈಯಿಂದ ಅವಳನ್ನು ಎತ್ತಿ, ಕೋಣೆಯ ನೆರಳಿನಲ್ಲಿ ಅಗಲ ಬುಟ್ಟಿಯಲ್ಲಿ ಹಸಿ ಬಟ್ಟೆ ಹಾಸಿ ಮಲಗಿಸಿದೆ. ಕಾಕು ಮೊರದಿಂದ ಮೆಲ್ಲಗೆ ಗಾಳಿ ಬೀಸಿದಳು, ಬಾಯಲ್ಲಿ ದೇವರ ಹೆಸರು.

ಆಮೇಲೆ ನಾನು ಮಾಡಿದ್ದು ಇದು. ತಮ್ಮನಿಗೆ ಫೋನ್ ಮಾಡುವ ಮೊದಲು, ಮೊಳೆಯಿಂದ ವೈರು ತೆಗೆದು ಪೆಟ್ಟಿಗೆಯ ನೆಲಕ್ಕೆ ಅಂಟಿಸಿದೆ. ಬೆಳಿಗ್ಗೆ ಸಿಗದ ಟೇಪು ಈಗ ಸಿಕ್ಕಿತು. ಪ್ಲಗ್ ಚುಚ್ಚಿದೆ. ಡಬ್ಬಿಯ ಅಂಕಿ ಏರತೊಡಗಿತು. ಇಪ್ಪತ್ತೆಂಟು, ಮೂವತ್ಮೂರು, ಮೂವತ್ತೆಂಟು, ನಲವತ್ತೊಂದು. ಮೂವತ್ತೆರಡು ದಾಟುತ್ತಿದ್ದಂತೆ ಡಬ್ಬಿಯಲ್ಲಿ ಟಕ್ ಎಂದು ಸದ್ದಾಗಿ, ಪ್ಯಾಡಿಗೆ ಹೋಗುವ ಕರೆಂಟು ನಿಂತು ದೀಪ ಆರಿತು. ಅವತ್ತು ಆ ಟಕ್ ಕೇಳಿದಾಗ ನನಗೆ ಎಲ್ಲವೂ ತಿಳಿಯಿತು. ವೈರು ಗೋಡೆಯ ಥಂಡಿಯನ್ನು ಹೇಳುತ್ತಿತ್ತು. ಡಬ್ಬಿ ಅದನ್ನು ಕೇಳಿ ಪ್ಯಾಡನ್ನು ಕಾಯಿಸುತ್ತಲೇ ಇತ್ತು, ಒಂದು ಗಳಿಗೆಯೂ ಬಿಡದೆ.

ಫೋನ್ ಮಾಡಿದೆ. ನಾನು ಹೇಳಿದ್ದು ಇಷ್ಟೇ: "ನೀ ಹೇಳಿದಂಗ ಕೌದಿ ಹೊಚ್ಚಿದ್ದೆ. ಬಂದು ನೋಡಿದ್ರ ನಲವತ್ತೊಂದು ಐತಿ."

ಅವನು ಅಲ್ಲಿಂದಲೇ ಯಾರು ಯಾರಿಗೋ ಫೋನ್ ಮಾಡಿ ಹಾವೇರಿಯ ಒಬ್ಬ ದನದ ಡಾಕ್ಟರಮ್ಮನನ್ನು ಒಪ್ಪಿಸಿದ. ನಾನು ಮಗಳನ್ನು ದಿಂಬಿನ ಚೀಲದಲ್ಲಿಟ್ಟು, ಚೀಲವನ್ನು ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿದೆ.

"ಬುಟ್ಟ್ಯಾಗ ಏನೈತಬೇ?" ಎಂದ ಕಂಡಕ್ಟರ್.

"ಜೀವ ಐತಪಾ. ದವಾಖಾನಿಗೆ ಹೊಂಟೇನಿ."

"ಕೋಳಿಗೂ ಅರ್ಧ ಟಿಕೀಟ್ ಆಗ್ತೈತಿ ನೋಡು" ಎಂದು ಹರಿದು ಕೊಟ್ಟೇಬಿಟ್ಟ. ಕೋಳಿಯಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹಾವೇರಿ ಬರುವವರೆಗೆ ಬುಟ್ಟಿಯ ಮೇಲೆ ಸೆರಗು ಹೊದಿಸಿ, ಒಳಗೆ ಬೆರಳಿಟ್ಟು ಅವಳ ಮೈ ಅಲುಗುತ್ತದೆಯೇ ಎಂದು ನೋಡುತ್ತಲೇ ಇದ್ದೆ. ಅಲುಗಿತು. ಪ್ರತಿ ಸಲ ಅಲುಗಿದಾಗಲೂ ನನ್ನ ಜೀವ ಕುಣಿಯುತ್ತಿತ್ತು.

ದವಾಖಾನೆಯ ಅಂಗಳದಲ್ಲಿ ಹೋರಿ ಹಬ್ಬದಲ್ಲಿ ಓಡುವ ದೊಡ್ಡ ಹೋರಿಯೊಂದು ಕಾಲು ನೋಯಿಸಿಕೊಂಡು ನಿಂತಿತ್ತು. ನನ್ನ ಬುಟ್ಟಿಯಲ್ಲಿ ಏನಿದೆ ಎಂದು ಗೊತ್ತಾದ ಕೂಡಲೇ ಹೋರಿಯ ಮಾಲೀಕ ಚಪ್ಪಲಿ ಬಿಟ್ಟು ಕೈ ಮುಗಿದು, "ಅಕ್ಕಾರ, ನೀವ ಮೊದ್ಲ ಹೋಗ್ರಿ. ನಮ್ಮವ ಕಾಯ್ತಾನ" ಎಂದ.

ಡಾಕ್ಟರಮ್ಮ ಚೀಲದೊಳಗೆ ಇಣುಕಿ, "ನನ್ನ ಕಡೆ ಎತ್ತು, ಎಮ್ಮಿ, ಕುರಿ ಬರ್ತಾವ. ಇದಕ್ಕ ಎಲ್ಲಿ ಕುತಿಗಿ ಅನ್ಲಿ, ಎಲ್ಲಿ ಎದಿ ಅನ್ಲಿ?" ಎಂದು ನಕ್ಕರು. ಆದರೆ ಹಾವುಗಳ ಬಗ್ಗೆ ತಿಳಿದ ಬೇರೊಬ್ಬ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿ, ಅವರು ಹೇಳಿದಂತೆ ಹೊಟ್ಟೆಯ ಕಡೆ ತಿರುಗಿಸಿ ನೋಡಿದರು. ಬಿಳಿ ಹೊಟ್ಟೆಯ ಮೇಲೆ ಅಂಗೈ ಉದ್ದ ಕೆಂಪು ಕಂದು ಬಣ್ಣದ ಕಲೆ. ಪ್ಯಾಡಿನ ಮೇಲೆ ಒತ್ತಿದ ಜಾಗ. ಮುಲಾಮು ಹಚ್ಚಿದರು. ಗಾಯ ಒಣಗುವವರೆಗೆ ನಾರು, ಮಣ್ಣು ಏನೂ ಹಾಸದೆ ಬರೀ ಬಿಳಿ ಕಾಗದ ಹಾಸಬೇಕು, ದಿನಾ ಬದಲಿಸಬೇಕು, ಬಿಸಿಯನ್ನು ಎರಡು ಕಡೆಯೂ ಅಳೆಯಬೇಕು ಎಂದರು.

"ಬದುಕ್ತೈತಿ ಬಿಡ್ರಿ. ಇಷ್ಟು ಬಿಸಿ ಇಟ್ಟವರು ಯಾರು?"

ನನ್ನ ಕೈಯಲ್ಲಿ ಫೋನಿತ್ತು, ಸ್ಪೀಕರ್ ಹಾಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಹೈದರಾಬಾದಿನಿಂದ ತಮ್ಮ ಹೇಳಿದ: "ನಾನರೀ ಮೇಡಂ. ನಾನ ಕೌದಿ ಹೊಚ್ಚು ಅಂದೆ. ಅಕ್ಕಂದೇನೂ ತಪ್ಪಿಲ್ಲ."

ನಾನು ಹೊರಗೆ ನಿಂತ ಹೋರಿಯ ಕಡೆ ನೋಡುತ್ತ ನಿಂತೆ.

ಅವನು ಬಂದು ಹಾವನ್ನು ರಾಣೆಬೆನ್ನೂರಿಗೆ ಒಯ್ದ. ಬಿಡುವಾದಾಗೆಲ್ಲ ನಾನು ಹೋಗಿ ನೋಡುತ್ತಿದ್ದೆ. ಗಾಯದ ಮೇಲಿನ ಮೊದಲ ಪೊರೆ ಚೂರು ಚೂರಾಗಿ ಬಂತು. ತಮ್ಮ ಅದನ್ನು ಒದ್ದೆ ಬಟ್ಟೆಯಿಂದ ಬಿಡಿಸಿದ. ಪೆಟ್ಟಿಗೆಯ ಎರಡು ಕಡೆ ಎರಡು ಬೇರೆ ಬೇರೆ ಥರ್ಮಾಮೀಟರ್ ಇಟ್ಟಿದ್ದ. ಪ್ರತಿ ಸಲ ಹೋದಾಗಲೂ ಇವತ್ತು ಹೇಳುತ್ತೇನೆ ಎಂದು ಹೋಗುತ್ತಿದ್ದೆ. ಹೇಳದೆ ಬಸ್ಸು ಹತ್ತುತ್ತಿದ್ದೆ.

ಬೇಸಿಗೆ ಶುರುವಾದ ಒಂದು ಬೆಳಿಗ್ಗೆ ಅವನ ಫೋನ್ ಬಂತು. "ಅಕ್ಕಾ, ಬಾ! ಲಗೂ ಬಾ! ಇಡೀ ಪೊರೆ ಒಂದ ತುಂಡು ಬಂದೈತಿ!" ಅರ್ಧ ಬಿಡಿಸಿದ ಕಾಯಿಯ ರಾಶಿಯನ್ನು ಕಾಕುವಿಗೆ ಒಪ್ಪಿಸಿ ಓಡಿದೆ. ಬಸ್ಸು ನಿಂತಲ್ಲೆಲ್ಲ ಡ್ರೈವರನನ್ನು ಬೈದುಕೊಂಡೆ.

ರೂಮಿನ ಕಿಟಕಿಯ ಬೆಳಕಿಗೆ ನಾವಿಬ್ಬರೂ ಆ ಪೊರೆಯನ್ನು ಎರಡು ತುದಿ ಹಿಡಿದು ಎತ್ತಿದೆವು. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ, ಕಣ್ಣಿನ ಮೇಲಿನ ಎರಡು ಸಣ್ಣ ಗಾಜಿನಂಥ ಮುಚ್ಚಳಗಳೂ ಸಮೇತ! ಹೊಟ್ಟೆಯ ಕಡೆ ಒಂದು ಜಾಗದಲ್ಲಿ ಹುರುಪೆಗಳ ಸಾಲು ಸೊಟ್ಟಗಾಗಿತ್ತು, ಅಷ್ಟೇ. ಪೆಟ್ಟಿಗೆಯಲ್ಲಿ ಮಗಳು ಹೊಸ ಬಣ್ಣದಲ್ಲಿ ಹೊಳೆಯುತ್ತ, ಬೆಚ್ಚಗಿನ ಕಡೆಯಿಂದ ತಂಪಿನ ಕಡೆಗೆ ಹೊರಟಿದ್ದಳು. ಮೂವತ್ತೆರಡು, ಇಪ್ಪತ್ತಾರು. ನಾನು ಎರಡೂ ಅಂಕಿ ಗಟ್ಟಿಯಾಗಿ ಓದಿದೆ. ನನಗೆ ಕುಣಿಯಬೇಕು ಅನ್ನಿಸಿತು.

"ಇನ್ನ ಆರಾಮ ಆದಳು" ಎಂದ ತಮ್ಮ. "ಈಗ ಕೊಡಬಹುದು."

"ಯಾರಿಗೆ?"

"ದಾವಣಗೆರಿಯಾಗ ಒಬ್ರು ಹಾವು ಸಾಕ್ಯಾರ. ಭಾಳ ತಿಳದವರು. ಆಯಿತವಾರ ಬಂದು ಒಯ್ತಾರ."

"ಯಾಕೋ? ಅಕೀ ಅಂದ್ರ ನಿನಗ ಜೀವ!"

"ಅದಕ್ಕ ಕೊಡಾಕತ್ತೇನಿ." ಪೊರೆಯನ್ನು ಮೆಲ್ಲಗೆ ಸುತ್ತುತ್ತಿದ್ದ. "ಡಬ್ಬಿ ಕೆಟ್ಟದ್ದು ತಿಳೀದ, ಕಣ್ಣಿಲೆ ನೋಡದ ಫೋನ್‌ನ್ಯಾಗ ಕೌದಿ ಹೊಚ್ಚು ಅಂದೆ. ಬಿಸಿ ಆಗಿ ನೀರಿಗೆ ಇಳದೈತಿ ಅಂತ ನನ್ನ ಬಾಯಿಲೇ ಹೇಳಿ, ಮತ್ತ ಬಿಸಿ ಹೆಚ್ಚು ಮಾಡು ಅಂದೆ. ಇಂಥವ ಏನ ಸಾಕ್ತೀನಿ? ಕಂಪನಿಯಾಗೂ ಹಂಗ ಆಗೈತಿ. ಮಶೀನಿನ ನಂಬರ್ ನೋಡಿ ಬಂದಿರ್ತೀನಿ, ಮತ್ತ ಹೋಗಿ ನೋಡ್ತೀನಿ, ಮತ್ತ ಹೋಗ್ತೀನಿ. ನನ್ನ ಕಣ್ಣನ್ನ ನಾನ ನಂಬಾಂಗಿಲ್ಲ. ಪ್ಯಾಕಿಂಗಿಗೆ ಹಾಕ್ರಿ ಅಂತ ಸಾಹೇಬರಿಗೆ ಕೇಳೇನಿ."

ಅವನ ಕೋಣೆ, ಅವನ ಡಿಗ್ರಿಗಳು, ಚಹಾದ ಬಟ್ಟಲಿನ ಮೇಲೆ ಹಿಡಿಯುವ ಕೈ. ಅದೆಲ್ಲವನ್ನೂ ನಾನು ತೆಗೆದು ಮೊಳೆಗೆ ಹಾಕಿದ್ದೆ.

"ವೈರ್ ಪೆಟಿಗ್ಯಾಗ ಇರಲಿಲ್ಲೋ" ಅಂದೆ.

"ಯಾವ ವೈರ್?"

"ನೀ ಮುಟ್ಟಬ್ಯಾಡ ಅಂದಿದ್ದಿ ನೋಡು, ಅದು. ಹೊಲಸಾಗಿತ್ತು, ತೊಳದು ಕ್ಯಾಲೆಂಡರ್ ಮೊಳಿಗೆ ಹಾಕಿದ್ದೆ. ನೀ ಫೋನ್ ಮಾಡಿದಾಗ ಅಲ್ಲೇ ಇತ್ತು. ಇಪ್ಪತ್ತೊಂದು ಅಂದ್ನೆಲ್ಲ, ಅದು ನಮ್ಮ ಗ್ವಾಡಿದು."

ಅವನ ಮುಖದಲ್ಲಿ ಲೆಕ್ಕ ನಡೆಯುವುದು ನನಗೆ ಕಾಣುತ್ತಿತ್ತು.

"ಅಂದ್ರ ಪ್ಯಾಡೂ ಕೆಟ್ಟಿರಲಿಲ್ಲ, ಡಬ್ಬಿನೂ ಕೆಟ್ಟಿರಲಿಲ್ಲ."

"ಇಲ್ಲ."

"ಅಂದ್ರ ನೀರಿಗೆ ಇಳದಿದ್ದು..."

"ಬಿಸಿಗೇ. ನೀ ಮೊದ್ಲ ಅಂದದ್ದ ಬರೋಬರಿ ಇತ್ತು. ನಾ ಸುಳ್ಳ ಹೇಳಿದ ಮ್ಯಾಲ ನಿನ್ನ ಲೆಕ್ಕ ತಪ್ಪೇತಿ."

"ಇಷ್ಟ ದಿವಸ!" ಅವನು ಎದ್ದ. ರೂಮು ಸಣ್ಣದು, ಎರಡು ಹೆಜ್ಜೆಗೆ ಗೋಡೆ. "ಇಷ್ಟ ದಿವಸ ನಾ ಇಲ್ಲಿ ತಲಿ ಕೆಡಿಸಿಕೊಂಡು ಸಾಯಾಕತ್ತೇನಿ, ನೀ ಬರಾಕಿ, ಚಹಾ ಕುಡ್ಯಾಕಿ, ಹೋಗಾಕಿ! ಒಂದ ಮಾತು ಅಕ್ಕಾ, ಒಂದ ಮಾತು ಹೇಳಾಕ ಏನಾಗಿತ್ತು?"

"ನೀ ಪಾಸ್ ಅಂದಿದ್ದಿ."

ಅವನು ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೆನ್ನು ತಿರುಗಿಸಿ ಕಿಟಕಿಯ ಬಳಿ ನಿಂತ. ಕೆಳಗೆ ರಸ್ತೆಯಲ್ಲಿ ಆಟೋಗಳ ಗದ್ದಲ. ಜೇಬಿನಿಂದ ಫೋನ್ ತೆಗೆದ.

"ನಮಸ್ಕಾರ್ರೀ. ಆಯಿತವಾರ ಬರಬ್ಯಾಡ್ರಿ. ಇಲ್ಲರೀ, ಬ್ಯಾನಿ ಏನಿಲ್ಲ, ಆರಾಮ ಅದಾಳ. ಕೊಡಂಗಿಲ್ಲ. ಹೂನ್ರೀ, ಇಲ್ಲೇ ಇರ್ತಾಳ." ಅದು ಅವನ ಹಳೆಯ ದನಿ. ಮೂವತ್ತೆರಡು ಎಂದರೆ ಮೂವತ್ತೆರಡು ಎನ್ನುವವನ ದನಿ. ಅದನ್ನು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಫೋನಿಟ್ಟು ನನ್ನ ಕಡೆ ತಿರುಗಿದ. "ಇನ್ನೂ ಏನರ ಉಳದೈತೇನು?"

ಉಳಿದಿತ್ತು. ನಡೆದದ್ದನ್ನೆಲ್ಲ ಹೇಳಿದ್ದೆ, ಆ ಮಾತನ್ನು ಮಾತ್ರ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡವರು ಸಣ್ಣವರಿಗೆ ಅದನ್ನು ಹೇಳಿದ್ದನ್ನು ನಾನು ಕೇಳಿಲ್ಲ. ಗಾಜಿನ ಮೇಲೆ ಒಂದು ಕೈ ಇಟ್ಟೆ. ಅಂಗೈಯ ಉರಿ ಅಂಗೈಯದು, ಗಾಜಿನ ಬಿಸಿ ಗಾಜಿನದು. ಅವತ್ತು ಎರಡೂ ಬೇರೆ ಬೇರೆ ತಿಳಿದವು.

"ಉಳದೈತಿ" ಅಂದೆ. "ತಪ್ಪಾತೋ ತಮ್ಮಾ. ಇಕೀನ ಸುಟ್ಟಾಕಿ ನಾನು. ಅದನ್ನ ನಿನ್ನ ಮ್ಯಾಲ ಹಾಕಿ ಸುಮ್ನ ಕುಂತಾಕಿನೂ ನಾನ. ನನ್ನ ತಪ್ಪಾತು."